ಹುಣಸೆಹಣ್ಣಿನಲ್ಲಿ ತೊಳೆದ ಡಚ್ ಪದಕ

ನನ್ನ ಸೋದರತ್ತೆ ಧಾರವಾಡದವಳು. ಮದುವೆಯಾಗಿ ವಿಜಯವಾಡಕ್ಕೆ ಬಂದು ತೆಲುಗು ಮನೆಯನ್ನೇ ತನ್ನದು ಮಾಡಿಕೊಂಡಳು. ಹಿತ್ತಾಳೆ, ತಾಮ್ರ, ಕಂಚು, ಏನು ಕಣ್ಣಿಗೆ ಬಿದ್ದರೂ ಹುಣಸೆಹಣ್ಣು ಹಚ್ಚಿ ತಿಕ್ಕುವ ತವರಿನ ಚಟ ಮಾತ್ರ ಬಿಡಲಿಲ್ಲ. ಆ ಚಟದಿಂದಲೇ ಹೋದ ವರ್ಷ ಮಾವ ಅವಳ ಜೊತೆ ಮಾತು ಬಿಟ್ಟರು.

ಅವಳು ತಿಕ್ಕಿದ್ದು ಮಾವನ ಡಚ್ ಪದಕವನ್ನು. ವಿಶಾಖಪಟ್ಟಣದ ಬಂದರಿನಲ್ಲಿ ಹೂಳೆತ್ತುವ ಹಡಗಿನ ಕೆಲಸದಲ್ಲಿದ್ದಾಗ ಜೊತೆಗಿದ್ದ ಹಾಲೆಂಡಿನ ಎಂಜಿನಿಯರ್ ತಾನು ಗಳಿಸಿದ್ದ ಅದನ್ನು ಅವರಿಗೆ ಕೊಟ್ಟಿದ್ದ. ಬ್ಯಾಂಕಿನವರು ನನ್ನನ್ನು ಅದೇ ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ಎತ್ತಿಹಾಕಿದ ಮೇಲೆ ರಜೆ ಸಿಕ್ಕಾಗಲೆಲ್ಲ ನಾನು ಅತ್ತೆಯ ಮನೆಗೆ ಓಡುತ್ತಿದ್ದೆ. ಹೋದಾಗಲೆಲ್ಲ ಮಾವ ಪದಕವನ್ನು ನನ್ನ ಅಂಗೈಯಲ್ಲಿಟ್ಟು ಅದೇ ಕಥೆ ಹೇಳುತ್ತಿದ್ದರು. ಇದು ಯಾರನ್ನೋ ಸೋಲಿಸಿದ್ದಕ್ಕೆ ಕೊಡುವ ಪದಕವಲ್ಲ. ಓಟ, ಜಿಗಿತ, ಎಸೆತ, ಈಜು ಎಲ್ಲದರಲ್ಲೂ ಪಾಸಾಗಬೇಕು. ಒಂದರಲ್ಲಿ ತಪ್ಪಿದರೂ ಇಲ್ಲ. ಹಳೆಯ ಕಾಲದಲ್ಲೇ ಆ ದೇಶದವರು ಈ ಪರೀಕ್ಷೆ ಹುಟ್ಟುಹಾಕಿದ್ದರಂತೆ. ಮತ್ತೆ ಮತ್ತೆ ಪಾಸಾದವರಿಗೆ ರಿಬ್ಬನ್ನಿನ ಮೇಲೆ ಪುಟ್ಟ ಅಂಕಿ ಸೇರುತ್ತಿತ್ತಂತೆ.

ನನಗೆ ಮೈ ಜುಮ್ಮೆನ್ನುತ್ತಿತ್ತು. ಎರಡನೆಯವನೇ ಇಲ್ಲದ ಸ್ಪರ್ಧೆ! ನನ್ನಂಥ ಗುಮಾಸ್ತೆಯೂ ಬೆಳಿಗ್ಗೆ ಓಡಿ, ಸಂಜೆ ಈಜಿ ಎದೆಯ ಮೇಲೆ ಕಂಚು ತೊಡಬಹುದಾದ ದೇಶ ಎಂಥದ್ದಿರಬೇಕು ಎಂದು ಬೆರಗಾಗುತ್ತಿದ್ದೆ. ಕಂಚು ಕಪ್ಪಾಗಿ, ಅಂಚಿನಲ್ಲೊಂದು ಕಡೆ ಮಾತ್ರ ನುಣುಪಾಗಿತ್ತು. ಅದು ಎಂಜಿನಿಯರ್ ಗೆಳೆಯನ ಹೆಬ್ಬೆರಳು ಸವೆಸಿದ ಜಾಗ ಎಂದು ಮಾವ ತೋರಿಸುತ್ತಿದ್ದರು.

ಆ ಗೆಳೆಯ ತೀರಿಕೊಂಡ ಸುದ್ದಿಯನ್ನು ಅವನ ಮಗಳೇ ಫೋನಿನಲ್ಲಿ ತಿಳಿಸಿದಳು. ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಬರುತ್ತಿದ್ದೇನೆ, ಅಪ್ಪನ ಪದಕ ಒಮ್ಮೆ ನೋಡಬಹುದೇ ಎಂದು ಕೇಳಿದಳಂತೆ. ನಮ್ಮಲ್ಲಿ ತೀರಿಹೋದವರ ವಸ್ತುವನ್ನು ಅವರ ಮಕ್ಕಳು ನೋಡಬೇಕು ಎಂದರೆ ಮುಗಿಯಿತು, ಅವರು ಬಾಯಿಬಿಟ್ಟು ಕೇಳುವ ಮೊದಲೇ ಕೊಟ್ಟುಬಿಡಬೇಕು. ಮಾವನಿಗೆ ಮಂಡಿನೋವು, ಒಯ್ಯುವ ಕೆಲಸ ನನ್ನದಾಯಿತು. ತೀರಿಹೋದವರ ಮನೆಗೆ ವಸ್ತು ಕೊಳೆಯಾಗಿ ಹೋಗಬಾರದೆಂದು ಅತ್ತೆ ಹಿಂದಿನ ದಿನವೇ ರಿಬ್ಬನ್ ಬಿಚ್ಚಿಟ್ಟು ಹುಣಸೆಹಣ್ಣು ನೆನೆಹಾಕಿದಳು.

ನಾನು ಹೋದಾಗ ಪದಕ ದೇವರ ಮನೆಯ ಗಂಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಹೆಬ್ಬೆರಳಿನ ಗುರುತು ಎಲ್ಲಿತ್ತೆಂದೇ ತಿಳಿಯುವಂತಿರಲಿಲ್ಲ. ಮಾವ ಅತ್ತೆಯ ಜೊತೆ ಮಾತು ಬಿಟ್ಟಾಗಿತ್ತು. ಗೆಳೆಯ ನಂಬಿ ಕೊಟ್ಟಿದ್ದನ್ನು ಕೆಡಿಸಿ ಅವನ ಮಗಳ ಕೈಗೆ ಹೇಗೆ ಕೊಡುವುದು ಎಂದು ನನಗೊಬ್ಬಳಿಗೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಅತ್ತೆ ನಾನು ಬಸ್ಸು ಹತ್ತುವ ಬೆಂಜ್ ಸರ್ಕಲ್ ತನಕ ಆಟೋದಲ್ಲಿ ಜೊತೆಗೆ ಬಂದಳು. ಇಳಿಯುವಾಗ ನನ್ನ ಕೈ ಹಿಡಿದಳು.

"ಆಕಿ ಸಿಟ್ಟಾದ್ರ ನನ್ನ ಹೆಸರು ಹೇಳು. ಅವರ ಹೆಸರು ಕೆಡಬಾರದು."

ವಿಶಾಖಪಟ್ಟಣದ ಸಮುದ್ರದ ದಂಡೆಯ ಹೋಟೆಲಿನಲ್ಲಿ ಮಾವನ ಗೆಳೆಯನ ಮಗಳು ಸಿಕ್ಕಿದಳು. ಕೂರುವ ಮೊದಲೇ ನಾನು ಹರಕು ಇಂಗ್ಲಿಷಿನಲ್ಲಿ ಹುಣಸೆಹಣ್ಣಿನ ವಿಷಯವನ್ನೆಲ್ಲ ಒದರಿಬಿಟ್ಟೆ. ಅವಳು ಪದಕವನ್ನು ಮೂಗಿಗೆ ಹಿಡಿದು ಮೂಸಿ ನಕ್ಕಳು. ಎರಡೂ ಬದಿ ನೋಡಿದಳು, ಕಣ್ಣು ಒರೆಸಿಕೊಂಡಳು, ಮತ್ತೆ ನನ್ನ ಮುಂದಕ್ಕೇ ಸರಿಸಿದಳು. ಅವಳಿಗೆ ಅದು ಬೇಕಿರಲಿಲ್ಲ. ನೋಡಬೇಕು ಎಂದಿದ್ದಳು, ನೋಡಿದಳು, ಅಷ್ಟೇ.

ಆಮೇಲೆ ಕಿಟಕಿಯಾಚೆಯ ನೀರು ತೋರಿಸಿ, ಮಾವ ಒಮ್ಮೆಯೂ ಹೇಳದಿದ್ದ ಕಥೆ ಹೇಳಿದಳು. ಅವಳಪ್ಪ ಇಲ್ಲೇ ಈಜಲಿಕ್ಕೆ ಇಳಿದಿದ್ದ. ಅಲೆ ಒಳಕ್ಕೆ ಎಳೆದುಕೊಂಡಿತು. ಮಾವ ಮೀನುಗಾರರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ನುಗ್ಗಿ ಅವನನ್ನು ತಬ್ಬಿ ಹಿಡಿದರು, ದಡದವರು ಇಬ್ಬರನ್ನೂ ಎಳೆದರು.

"ಅಪ್ಪ ಸಾಯುವ ತನಕ ಹೇಳುತ್ತಿದ್ದರು, ಈಜಿನ ಪರೀಕ್ಷೆಯಲ್ಲಿ ನಾನು ಫೇಲು, ಪದಕ ಪಾಸಾದವನ ಹತ್ತಿರ ಇದೆ ಅಂತ."

ಅಲ್ಲಿಂದಲೇ ಅತ್ತೆಗೆ ಫೋನು ಹಚ್ಚಿ, ಸಿಟ್ಟಾಗಲಿಲ್ಲ ಎಂಬುದನ್ನು ಮೊದಲು ಹೇಳಿ, ಉಳಿದದ್ದೆಲ್ಲ ಹೇಳಿದೆ. ಆಮೇಲೆ ಅತ್ತೆ ಫೋನು ಹಿಡಿದುಕೊಂಡೇ ಮಾವನ ಕಡೆ ತಿರುಗಿ ಮಾತಾಡಿದ್ದು ಕೇಳಿಸಿತು.

"ಇಷ್ಟು ವರ್ಷ ಕೃಷ್ಣಾ ನದಿ ದಂಡ್ಯಾಗ ಸಂಸಾರ ಮಾಡೇವಿ. ನಿಮಗ ಈಸಾಕ ಬರ್ತದಂತ ನನಗೊಂದು ಮಾತು ಹೇಳಬಾರದೇನ್ರಿ?"

ಮಾವ ಕನ್ನಡ ಕಲಿತದ್ದು ಅವಳಿಂದಲೇ. ಪದಕ ತಿಕ್ಕಿದ ಮೇಲೆ ಅವಳೊಂದಿಗೆ ಅವರಾಡಿದ ಮೊದಲ ಮಾತು ನನಗೂ ಕೇಳಿಸಿತು.

"ಬರಂಗಿಲ್ಲ. ಅವತ್ತೂ ಬರ್ತಿದ್ದಿಲ್ಲ."