ಅನುಭವ ಹೇಳಿದವರಿಗೆ ಮೊದಲ ಸರದಿ

ಮಂಡಿ ಸವೆದಿದೆ ಅಂತ ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಮಗಳ ಮದುವೆ. ಚೈತ್ರಕ್ಕೆ ಅಂತ ಮಾತಾಗಿತ್ತು. ಹೆಣ್ಣಿನ ತಾಯಿ ಮಣೆಯ ಮೇಲೆ ಕೂರಬೇಕು, ಕೂತವಳು ಏಳಬೇಕು. ನಾನೋ ಬಾಗಿಲಲ್ಲಿಟ್ಟ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲೂ ಗೋಡೆ ಹಿಡಿಯುತ್ತಿದ್ದೆ.

ಜಯನಗರದ ಫಿಸಿಯೋಥೆರಪಿ ಮೇಡಂ ವ್ಯಾಯಾಮ ಕಲಿಸಿದರು: ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು, ಕಾಲನ್ನು ನೇರ ಎತ್ತಿ ಹಿಡಿಯುವುದು. ಆಗಷ್ಟೇ ನಮ್ಮ ಬನಶಂಕರಿಯಲ್ಲಿ ಕಂಪನದ ಯಂತ್ರದ ಉಚಿತ ಕೇಂದ್ರವೊಂದು ತೆರೆದಿತ್ತು. ಮಂಡಿ ತುಸು ಬಗ್ಗಿಸಿ ಹಲಗೆಯ ಮೇಲೆ ನಿಂತರೆ ಅದು ಗಡಗಡ ನಡುಗುತ್ತದೆ, ಜೊತೆಗೆ ನಾವೂ. ಅದರ ಮೇಲೆ ನಿಲ್ಲಬಹುದಾ ಅಂತ ಕೇಳಿದ್ದಕ್ಕೆ ಮೇಡಂ, "ನಿಲ್ಲಿ ಆಂಟಿ, ಬೇಡ ಅನ್ನಲ್ಲ. ಆದ್ರೆ ಎಕ್ಸರ್‌ಸೈಜ್ ಬಿಟ್ಟಲ್ಲ, ಅದ್ರ ಜೊತೆಗೆ" ಅಂದಿದ್ದರು.

ಪಕ್ಕದ ಮನೆಯಾಕೆಯೂ ನಾನೂ ಒಟ್ಟಿಗೇ ಹೋಗುತ್ತಿದ್ದೆವು. ಅವರಿಗೂ ಮಂಡಿಯೇ, ಅವರಿಗೂ ಅದೇ ಮೇಡಂ. ಒಂದೇ ಬೀದಿಯಲ್ಲಿ ಮಕ್ಕಳನ್ನು ಬೆಳೆಸಿದವರು ನಾವು. ಕೇಂದ್ರದಲ್ಲಿ ಯಂತ್ರ ಶುರುವಾಗುವ ಮುಂಚೆ ದಿನವೂ ಒಂದು ಪದ್ಧತಿ. ಗುಣ ಕಂಡವರು ಎದ್ದು ಅನುಭವ ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಹೇಳಿದವರಿಗೆ ಅಂದು ಮೊದಲ ಸರದಿ.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಎದ್ದು ನಿಂತರು. "ಎಕ್ಸರ್‌ಸೈಜ್ ಎಲ್ಲ ಬಿಟ್ಬಿಟ್ಟೆ. ಬರೀ ಈ ಮಿಷಿನ್ನು. ಈಗ ನೆಲದ್ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೋತೀನಿ!"

ಎಲ್ಲರಿಗಿಂತ ಜೋರಾಗಿ ನಾನೇ ಚಪ್ಪಾಳೆ ತಟ್ಟಿದೆ. ಮನೆಗೆ ಬರುವ ದಾರಿಯಲ್ಲಿ ಕೇಳಿದೆ, "ನಿಜವಾಗ್ಲೂ ಬಿಟ್ರಾ ಅಕ್ಕ?"

"ಇನ್ನೇನ್ರೀ! ಮೂವತ್ತೂ ದಾಟದ ಆ ಮೇಡಂಗೆ ಮಂಡಿನೋವು ಅಂದ್ರೆ ಏನ್ ಗೊತ್ತು?"

ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಟವೆಲ್ ಮಡಿಸಿ ಬೀರುವಿಗಿಟ್ಟೆ, ಜಯನಗರಕ್ಕೆ ಹೋಗುವುದನ್ನೂ ನಿಲ್ಲಿಸಿದೆ.

ಹಲಗೆಯಿಂದ ಇಳಿದಾಗ ಕಾಲು ಹಗುರ ಅನ್ನಿಸುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಮತ್ತದೇ ನೋವು. ಬರಬರುತ್ತ ತೊಡೆಯ ಬಲ ಸೋರಿಹೋಗಿ, ಮೆಟ್ಟಿಲಿಳಿಯುವಾಗ ಮಂಡಿ ಕುಸಿಯತೊಡಗಿತು. ಪಕ್ಕದ ಮನೆಯಾಕೆಗೆ ಒಗ್ಗಿದ್ದು ನನಗೇಕೆ ಒಗ್ಗದು ಅಂತ ನನ್ನ ದೇಹವನ್ನೇ ಬೈದುಕೊಂಡೆ.

ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿ ಅವರ ಮನೆಗೆ ಒಂದು ಡಬ್ಬಿ ಒಯ್ದೆ. ಬಾಗಿಲು ತೆರೆದೇ ಇತ್ತು. ನಡುಮನೆಯ ಚಾಪೆಯ ಮೇಲೆ ಅವರು ಮಲಗಿದ್ದರು, ಮಂಡಿಯ ಕೆಳಗೆ ಸುತ್ತಿದ ಟವೆಲ್. ಪಕ್ಕದಲ್ಲಿ, ಮನೆಗೇ ಬಂದಿದ್ದ ಅದೇ ಮೇಡಂ: "ಇನ್ನೊಂಚೂರು ಒತ್ತಿ ಆಂಟಿ. ಮೊದಲಿಗಿಂತ ಎಷ್ಟು ಗಟ್ಟಿಯಾಗಿದೆ ನೋಡಿ."

"ಬಿಟ್ಟಿದ್ದೀನಿ ಅಂದ್ರಲ್ಲ ಅಕ್ಕ?" ಅಂದೆ.

"ಅಯ್ಯೋ, ಅಲ್ಲಿ ಹಾಗೆ ಹೇಳಿದ್ರೆ ತಾನೆ ಮೊದ್ಲು ಹಲಗೆ ಮೇಲೆ ನಿಲ್ಲಿಸೋದು? ನಮ್ಮನೆಯವ್ರ ತಿಂಡಿ ಹೊತ್ತಿಗೆ ವಾಪಸ್ ಬರ್ಬೇಕಲ್ಲ. ಎಲ್ರೂ ಹೇಳೋದೇ ಬಿಡ್ರಿ."

"ದಾರೀಲೂ ಹೇಳಿದ್ರಲ್ಲ. ಅಲ್ಲಿ ಯಾವ ಸರದಿ ಇತ್ತು?"

ಅವರು ಎದ್ದು ಕೂತು ಡಬ್ಬಿಯ ಮುಚ್ಚಳ ತೆಗೆದರು. "ಘಮಘಮ ಅಂತಿದೆ" ಅಂದರು.

ಮತ್ತೆ ವ್ಯಾಯಾಮ ಶುರುಮಾಡಿದೆ. ಚೈತ್ರ ಕಾಯಲಿಲ್ಲ. ಮದುವೆಯ ದಿನ ಪುರೋಹಿತರು, "ಪರ್ವಾಗಿಲ್ಲಮ್ಮ, ಕುರ್ಚಿ ಹಾಕ್ಸಿ" ಅಂದರು. ಯಜಮಾನರು ಕೆಳಗೆ ಮಣೆಯ ಮೇಲೆ, ನಾನು ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಪುರೋಹಿತರು "ಯಜಮಾನರ ಕೈಗೆ ಕೈ ತಾಗಿಸಿ" ಅನ್ನುವಾಗಲೆಲ್ಲ ನನಗೆ ಎಟುಕುತ್ತಿರಲಿಲ್ಲ. ಯಜಮಾನರೇ ಕೈ ಎತ್ತಿ ಹಿಡಿಯುತ್ತಿದ್ದರು. ಪಕ್ಕದ ಮನೆಯಾಕೆ ಎದುರಿಗೇ ಜಮಖಾನದ ಮೇಲೆ ಕೂತಿದ್ದರು. ಅಕ್ಷತೆ ಹಾಕಲು, ನೆಲಕ್ಕೆ ಕೈ ಊರದೆ ಎದ್ದರು. ನನ್ನ ಕಡೆ ನೋಡಿ ನಕ್ಕರು. ನಾನು ನಗಲಿಲ್ಲ.