ನಿನ್ನೆಯ ಲೊಕೇಶನ್

“ತಲುಪಿದ್ದೀರಿ” ಎಂದು ಮೊಬೈಲು ಹೇಳಿದಾಗ ಸಗರ ಊರಿನ ಆಚೆ ಎದುರಿಗಿದ್ದದ್ದು ಖಾಲಿ ಹೊಲ. ತನ್ನ ಕುರಿಗಾಹಿ ಗಂಡ ಇನ್ನೂ ನೋಡಿರದ ತಿಂಗಳ ಮಗುವನ್ನು ಅವನಿಗೆ ತೋರಿಸಲು ಹೊರಟಿದ್ದ ಬಾಣಂತಿಯೊಬ್ಬಳನ್ನು ನನ್ನ ಕಾರಿನಲ್ಲಿ ಕರೆತಂದಿದ್ದೆ. ಅವನು ಕಳಿಸಿದ್ದ ಲೊಕೇಶನ್ ಹಿಂದಿನ ದಿನದ್ದು. ಹೊಲಕ್ಕೆ ಗೊಬ್ಬರವಾಗಲೆಂದು ತಂಗಿದ್ದ ಹಿಂಡು ಮುಂದೆ ಹೋಗಿತ್ತು. ಅವನ ಫೋನ್ ಆಫ್ ಆಗಿತ್ತು.

“ಕುರಿ ನಡಿತಾವಂತ ನಿಮ್ಮ ಫೋನಿಗೆ ತಿಳಿಯಂಗಿಲ್ಲೇನ್ರಿ ಅಕ್ಕಾರ?” ಎಂದು ನಕ್ಕು ಅವಳು ಇಳಿದಳು. ನಾವಿಕರು ನಕ್ಷತ್ರ ನೋಡಿ ದಾರಿ ಹಿಡಿಯುತ್ತಿದ್ದರೆಂದು ಓದಿದ್ದೆ. ಇವಳು ಹಸಿ ಹಿಕ್ಕೆ ನೋಡುತ್ತ ನಡೆದಳು. ಮೂರನೇ ಹೊಲದಲ್ಲಿ ಅವನು ಸಿಕ್ಕ, ಮಗುವನ್ನು ಕಂಡು ಅಲ್ಲೇ ನಿಂತುಬಿಟ್ಟ.

“ಹಿಡೀರಿ, ಕಚ್ಚಂಗಿಲ್ಲ ಅದು!” ಎಂದಳು ಅವಳು.

ಅವನು ಅತ್ತನೆಂದು ನಮ್ಮ ಮನೆಗೆ ಬಂದು ಹೇಳಿದೆ. ಅತ್ತನೋ, ನಾನೇ ಸೇರಿಸಿದೆನೋ ಈಗ ಗೊತ್ತಿಲ್ಲ. ಮಗುವನ್ನು ಎತ್ತಿಕೊಳ್ಳುವ ಮೊದಲು ಅವನು ಎರಡು ಸಲ ಕೈ ತೊಳೆದದ್ದು ಮಾತ್ರ ನಿಜ.