ಕಲ್ಮೇಶ ಮಾಸ್ತರರ ರದ್ದಾದ ಗೆಲುವು

ಶಾಲು ಹೊದಿಸಿ ಆಗಿತ್ತು, ಹಾರ ಹಾಕಿ ಆಗಿತ್ತು, ಹಣ್ಣಿನ ಬುಟ್ಟಿ ಕೊಡುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಹೆಡ್ ಮಾಸ್ತರ ಹಣಮಂತಪ್ಪನವರ ಜೇಬಿನಲ್ಲಿ ಮೊಬೈಲು ಗುಂಯ್ ಎಂದಿತು. ಅವರು ಬುಟ್ಟಿಯನ್ನು ಎಡಗೈಗೆ ದಾಟಿಸಿ ಮೆಸೇಜು ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಬುಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸು ಇಟ್ಟರು.

ಬೈಲಹೊಂಗಲದ ಆ ಹೆಣ್ಣುಮಕ್ಕಳ ಹೈಸ್ಕೂಲಿನ ಅಂಗಳದಲ್ಲಿ ನಾಲ್ಕುನೂರು ಹುಡುಗಿಯರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಮೈಕಿನ ಮುಂದೆ ಪಿ.ಟಿ. ಮಾಸ್ತರ ಕಲ್ಮೇಶ ಅವರು ಗೆಲುವಿನ ಗುಟ್ಟನ್ನು ಬಿಚ್ಚಿಡತೊಡಗಿದ್ದರು. ಶಿಸ್ತು ಮುಗಿದು ಮಾರ್ಗದರ್ಶನಕ್ಕೆ ಬಂದಿದ್ದರು. ಹಣಮಂತಪ್ಪನವರು ಅವರ ಕಿವಿಯ ಹತ್ತಿರ ಬಾಗಿ, "ಮಾಸ್ತರ, ಸ್ವಲ್ಪ ನಿಂದರ್ರಿ. ಮ್ಯಾಚ್ ರದ್ದ ಆಗೇತಂತ," ಎಂದರು.

ಮೈಕು ಚಾಲೂ ಇತ್ತು. ಆ ಗುಟ್ಟು ನಾಲ್ಕುನೂರು ಮಂದಿಗೂ ತಲುಪಿತು.

ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ಮಕ್ಕಳಿಗೆ ತಿಳಿಯಲಿಲ್ಲ. ಶಾಲನ್ನು ಏನು ಮಾಡಬೇಕೆಂದು ಮಾಸ್ತರರಿಗೂ ತಿಳಿಯಲಿಲ್ಲ. ತೆಗೆದರೆ ಸೋತಂತೆ, ಇಟ್ಟುಕೊಂಡರೆ ಕದ್ದಂತೆ. ಹಣಮಂತಪ್ಪನವರೇ ಅದನ್ನು ಇಳಿಸಿ, ನೀಟಾಗಿ ಮಡಚಿ, "ಹೆಂಗೂ ನವೆಂಬರ್ ಮೂವತ್ತಕ್ಕ ನೀವು ರಿಟೈರ್ ಆಗತೀರಿ. ಅವತ್ತು ಹೊದಿಸೂದೈತಲ್ಲ. ಬೀರೂದಾಗ ಇಟ್ಟಿರತೇನಿ," ಎಂದರು. ಹಾರವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಮರಾಠಿ ಬಲ್ಲ ಈ ಸೀಮೆಯವರಿಗೆ ಹಾರವೆಂದರೆ ಹೂಮಾಲೆಯೂ ಹೌದು, ಸೋಲೂ ಹೌದು. ಕೊರಳಲ್ಲಿರುವುದು ಎರಡರಲ್ಲಿ ಯಾವುದೆಂದು ಮಾಸ್ತರರು ಆ ಹೊತ್ತಿಗೆ ಖಚಿತವಾಗಿ ಹೇಳುವಂತಿರಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕು ತಾಲೂಕಿನ ಹೈಸ್ಕೂಲು ಹುಡುಗಿಯರಿಗೆಂದು ವರ್ಷಕ್ಕೊಮ್ಮೆ ಫುಟ್‌ಬಾಲ್ ಕಪ್ಪೊಂದು ನಡೆಯುತ್ತದೆ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಮಾಸ್ತರರು ಹನ್ನೊಂದು ಸಲ ಅದಕ್ಕೆ ತಂಡ ಕಟ್ಟಿದ್ದರು. ಅದರಲ್ಲಿ ಏಳು ಸಲ ರಾಮದುರ್ಗದವರ ಕೈಯಲ್ಲಿಯೇ ಸೋತಿದ್ದರು. ಪ್ರತಿ ವರ್ಷ ಕಪ್ಪು ರಾಮದುರ್ಗಕ್ಕೆ ಹೋಗುತ್ತಿತ್ತು, ಅದರ ಬಣ್ಣ ಮಾತ್ರ ಮಾಸ್ತರರ ಮುಖಕ್ಕೆ ಉಳಿಯುತ್ತಿತ್ತು. ರಾಮದುರ್ಗದ ತಂಡವನ್ನು ಆಡಿಸುವವನು ಮಿಲಿಂದ. ಧಾರವಾಡದಲ್ಲಿ ಇಬ್ಬರೂ ಕೂಡಿಯೇ ಬಿ.ಪಿ.ಎಡ್. ಮಾಡಿದವರು, ಒಂದೇ ಖೋಲಿಯಲ್ಲಿ ಇದ್ದವರು. ಆಗಲೂ ಕೇರಂನಲ್ಲಿ ಗೆಲ್ಲುತ್ತಿದ್ದವನು ಮಿಲಿಂದನೇ.

ಈ ಸಲ ಮಾತ್ರ ಆಗದ್ದು ಆಗಿತ್ತು. ಸೆಮಿಫೈನಲ್ಲಿನಲ್ಲಿ ಕಿತ್ತೂರಿನವರು ಪೆನಾಲ್ಟಿಯನ್ನು ಹೊರಗೆ ಹೊಡೆದು ಉಪಕಾರ ಮಾಡಿದರು. ದಸರೆಯ ಬನ್ನಿ ಹಬ್ಬದ ಮರುದಿನ ಬೈಲಹೊಂಗಲದ ಮೈದಾನದಲ್ಲಿಯೇ ರಾಮದುರ್ಗದವರ ಎದುರು ಫೈನಲ್. ಇಪ್ಪತ್ತನೇ ನಿಮಿಷಕ್ಕೆ ಕ್ಯಾಪ್ಟನ್ ಶೀತಲ್ ಒಂದು ಗೋಲು ಹೊಡೆದಳು. ಅದೊಂದೇ ಗೋಲಿನ ಮೇಲೆ ಮ್ಯಾಚು ಮುಗಿಯಿತು.

ರದ್ದಾಗಲು ಕಾರಣವಾದದ್ದು ಮಾವಿನೆಲೆ. ಖಂಡೇನವಮಿಯ ದಿನ ರೈತ ನೇಗಿಲನ್ನು ಪೂಜಿಸಿದರೆ ಡ್ರೈವರು ಬಸ್ಸನ್ನು ಪೂಜಿಸುತ್ತಾನೆ. ಪಿ.ಟಿ. ಮಾಸ್ತರರು ಏನನ್ನು ಪೂಜಿಸಬೇಕು? ಚೆಂಡು, ಸೀಟಿ, ಪಂಪು ಎಲ್ಲಕ್ಕೂ ವಿಭೂತಿ ಹಚ್ಚಿದ ಮೇಲೆ ಅವರ ಹೆಂಡತಿ ಅನ್ನಪೂರ್ಣಾ ಗೋಲ್ ಕಂಬಗಳನ್ನೂ ಬಿಡಲಿಲ್ಲ. ಕಂಬಕ್ಕೆ ಬಾಳೆಗಿಡ, ಅಡ್ಡಪಟ್ಟಿಗೆ ಮಾವಿನ ತೋರಣ. ಮ್ಯಾಚಿನ ಮುಂಜಾನೆ ಮಾಸ್ತರರು ಬಾಳೆಗಿಡ ಕಿತ್ತರು. ತೋರಣಕ್ಕೆ ಕೈ ಹಾಕಿದಾಗ ಅನ್ನಪೂರ್ಣಾ, "ಖಂಡೇಪೂಜಿದು ಸೀಗಿ ಹುಣ್ಣಿವಿ ತನಕ ಬಿಚ್ಚೂದಿಲ್ಲರಿ ನಮ್ಮ ಮನಿತನದಾಗ," ಎಂದಿದ್ದಳು. ಕೈ ಹಿಂದಕ್ಕೆ ಬಂತು. ರೆಫರಿಯೂ ಊರಕಡೆಯವನೇ. ಅಳತೆ ನೋಡಬೇಕಾದವನು ತೋರಣ ಕಂಡು ಕೈಮುಗಿದು ಮುಂದೆ ಹೋದ. ಕೊನೆಯ ಗಳಿಗೆಯಲ್ಲಿ ರಾಮದುರ್ಗದ ಹುಡುಗಿಯೊಬ್ಬಳು ಹೊಡೆದ ಚೆಂಡು ಆ ಎಲೆಗಳಿಗೆ ತಾಗಿ, ವೇಗ ಕಳೆದುಕೊಂಡು, ಗೋಲ್ ಕೀಪರಳ ಕೈಗೆ ಬಂದು ಬಿತ್ತು. ಮಿಲಿಂದ ಫೋಟೋ ಸಮೇತ ತಕರಾರು ಬರೆದು ಕೊಟ್ಟ. ಗೋಲಿನ ಮೇಲೆ ಪರವಸ್ತು ಇತ್ತೆಂದು ಕಮಿಟಿಯವರು ಆಟವನ್ನೇ ರದ್ದು ಮಾಡಿದರು. ಮರುಪಂದ್ಯ ಸವದತ್ತಿಯಲ್ಲಿ, ನವೆಂಬರ್ ಎರಡನೇ ಭಾನುವಾರ.

ಸ್ಟಾಫ್ ರೂಮಿನಲ್ಲಿ ಚಹಾದ ಜೊತೆಗೆ ಇದೇ ವಿಷಯ. ಒಮ್ಮೆ ಸೋಲಿಸಿದವರನ್ನೇ ಮತ್ತೊಮ್ಮೆ ಸೋಲಿಸುವುದು ಸುಲಭವೋ ಕಠಿಣವೋ? ಗಣಿತದ ವೆಂಕಣ್ಣ ಮಾಸ್ತರರು ಬಶಿಯಲ್ಲಿ ಚಹಾ ಸುರಿದುಕೊಂಡು ತೀರ್ಪು ಕೊಟ್ಟರು.

"ನೋಡ್ರಿ ಕಲ್ಮೇಶ, ರೂಪಾಯಿ ಚಿಮ್ಮಿದಾಗ ಒಮ್ಮೆ ಛಾಪಾ ಬಿತ್ತು. ಮತ್ತ ಚಿಮ್ಮಿದರ ಛಾಪಾ ಬೀಳೋ ಸಾಧ್ಯತೆ ಮೊದಲು ಎಷ್ಟಿತ್ತೋ ಅಷ್ಟ ಅದ. ರೂಪಾಯಿಗೆ ನೆನಪಿರೂದಿಲ್ಲ."

"ರಾಮದುರ್ಗದವರಿಗೆ ನೆನಪಿರತೈತಲ್ರಿ ಸರ್."

"ಅದಕ್ಕ ಅವರು ರೂಪಾಯಿ ಅಲ್ಲ."

"ನಾವು?"

ವೆಂಕಣ್ಣನವರು ಬಶಿ ಖಾಲಿ ಮಾಡಿ ಮೀಸೆ ಒರೆಸಿಕೊಂಡರು. "ನೀವು ಏಳು ಸಲ ಸೋತೀರಿ, ಒಂದು ಸಲ ಗೆದ್ದೀರಿ. ಗೆದ್ದದ್ದನ್ನ ಅವರು ಅಳಸ್ಯಾರ. ಉಳದದ್ದೆಷ್ಟು? ಏಳಕ್ಕ ಏಳು. ಇದಕ್ಕ ಗಣಿತ ಯಾಕ ಬೇಕು?"

"ಧೈರ್ಯ ಹೇಳಾಕ ಅಂತ ಕರದಿರಿ ನನ್ನ."

"ಚಹಾಕ್ಕ ಕರದಿದ್ದೆ. ಕುಡೀರಿ, ಆರಲಿಕ್ಕೆ ಹತ್ತೇದ."

ಮನೆಯಲ್ಲಿ ತಣ್ಣಗಾಗುತ್ತಿದ್ದದ್ದು ರೊಟ್ಟಿ. ಅನ್ನಪೂರ್ಣಾ ರೊಟ್ಟಿ ಬಡಿಯುತ್ತಿದ್ದಳು, ಮಾಸ್ತರರು ತಾಟಿನ ಮುಂದೆ ಕುಳಿತು ಪಲ್ಯವನ್ನು ಆ ದಂಡೆಯಿಂದ ಈ ದಂಡೆಗೆ ಸರಿಸುತ್ತಿದ್ದರು.

"ನಿನ್ನಿಂದ ಆತು ಅಂತ ಒಮ್ಮೆ ಬಾಯಿ ಬಿಟ್ಟು ಬೈದ ಬಿಡ್ರಿ," ಎಂದಳು ಅವಳು. "ಒಳಗೊಳಗ ಕುದಿಯೂದು ನೋಡಾಕ ಆಗೂದಿಲ್ಲ."

"ನಿನ್ನಿಂದ ಏನೂ ಆಗಿಲ್ಲ."

"ಹಂಗಾದ್ರ ಒಂದ ರೊಟ್ಟಿಗೆ ಯಾಕ ಕೈ ತೊಳ್ಯಾಕ ಹತ್ತೀರಿ? ಸೋತರ ಏನಾತು? ಪೆನ್ಶನ್ ಕೊಡೂದಿಲ್ಲೇನು?"

"ಪೆನ್ಶನ್ ಸೋತವರಿಗೂ ಕೊಡತಾರ."

ತವೆಯ ಮೇಲೆ ರೊಟ್ಟಿ ಉಬ್ಬಿತು, ಇಳಿಯಿತು. ಮಾಸ್ತರರು ಪಲ್ಯ ಸರಿಸುವುದನ್ನು ನಿಲ್ಲಿಸಿದರು. "ಆಫೀಸಿನ ಮುಂದೆ ಗಾಜಿನ ಕಪಾಟು ಐತಲ್ಲ, ಅದರಾಗ ರಂಗೋಲಿ ಸ್ಪರ್ಧೆಯ ಶೀಲ್ಡು ಐತಿ, ಭಾಷಣದ್ದು ಐತಿ, ಭಜನಿದೂ ಐತಿ, ಆಟದ್ದು ಒಂದೂ ಇಲ್ಲ," ಎಂದರು. ತಾವು ಹೋದ ಮೇಲೆ ಆ ಜಾಗಕ್ಕೆ ಯಾರೂ ಬರುವುದಿಲ್ಲವಂತೆ, ಪಿ.ಟಿ. ಪಿರಿಯಡ್ಡು ಗಣಿತಕ್ಕೆ ಹೋಗುತ್ತದಂತೆ. "ಇಪ್ಪತ್ತೊಂಬತ್ತು ವರ್ಷ ಒಬ್ಬ ಮನಶ್ಯಾ ಇಲ್ಲಿ ಸೀಟಿ ಊದಿದಾ ಅನ್ನೂದಕ್ಕ ಒಂದ ಕಪ್ಪಾದ್ರೂ ಇರಬೇಕಲ್ಲ. ಬ್ಯಾರೆ ಏನೂ ಕೇಳಿಲ್ಲ ನಾ."

ಅನ್ನಪೂರ್ಣಾ ತವೆಯ ಉರಿ ಸಣ್ಣ ಮಾಡಿದಳು. ಎರಡನೇ ರೊಟ್ಟಿ ತಾಟಿಗೆ ಹಾಕಿದಳು. ಅದೂ ಅಲ್ಲಿಯೇ ಆರಿತು.

ಮಾಸ್ತರರು ದಾರಿಯೊಂದನ್ನು ಹಿಡಿದರು. ಒಮ್ಮೆ ಗೆದ್ದದ್ದು ಹೇಗೋ ಹಾಗೆಯೇ ಮತ್ತೊಮ್ಮೆ ಗೆಲ್ಲುವುದು. ಇನ್ನೂರು ಪುಟದ ನೋಟಬುಕ್ಕು ತೆಗೆದು, ಅಂದು ತಾವು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಬರೆದರು. ಐದಕ್ಕೆ ಎದ್ದದ್ದು. ನೀಲಿ ಟ್ರ್ಯಾಕ್ ಸೂಟು. ಹಬ್ಬದಲ್ಲಿ ಉಳಿದ ಹೋಳಿಗೆಯ ನಾಷ್ಟಾ. ಬಲಗಾಲಿನ ಬೂಟು ಮೊದಲು. ಆಟಗಾರ್ತಿಯರು ಸಾಲುಗಟ್ಟಿದ ಕ್ರಮ, ಯಾರ ಜಡೆಗೆ ಯಾವ ರಿಬ್ಬನ್ನು ಎಂಬುದೂ ಅದರಲ್ಲಿತ್ತು. ಹುಡುಗಿಯರ ಅಂಗಿಗಳನ್ನು ಅವರವರ ಅವ್ವಂದಿರು ಒಗೆದುಹಾಕಿದ್ದಾರೆಂದು ತಿಳಿದಾಗ ಮಾಸ್ತರರು ಪೆನ್ನು ಕೆಳಗಿಟ್ಟರು. ಅಂದಿನ ಮಣ್ಣನ್ನು ಮತ್ತೆ ಎಲ್ಲಿಂದ ತರುವುದು?

ಅದೇ ದಿನಗಳಲ್ಲಿ ರಾಮದುರ್ಗದಲ್ಲಿ ಮಿಲಿಂದ ಬೇರೆ ಅಭ್ಯಾಸ ನಡೆಸಿದ್ದ. ಅಂದಿನ ಆಟವನ್ನು ಅವನು ಮೊಬೈಲಿನಲ್ಲಿ ಹಿಡಿದಿದ್ದನಂತೆ, ಅದನ್ನು ಶಾಲೆಯ ಗೋಡೆಯ ಮೇಲೆ ಬಿಟ್ಟು, ಶೀತಲ್ ಯಾವ ಕಾಲಿನಿಂದ ಹೊಡೆಯುತ್ತಾಳೆ, ಚೆಂಡು ಬಂದಾಗ ಯಾವ ಕಡೆ ಹೊರಳುತ್ತಾಳೆ ಎಂದು ಹುಡುಗಿಯರಿಗೆ ಬಿಡಿಸಿ ತೋರಿಸುತ್ತಿದ್ದನಂತೆ. ಈ ಸುದ್ದಿ ಕೇಳಿದ ಸಂಜೆ ಮಾಸ್ತರರು ನೋಟಬುಕ್ಕಿಗೆ ಇನ್ನೊಂದು ಸಾಲು ಸೇರಿಸಿದರು: ಹೋಳಿಗೆಯ ಮೇಲೆ ತುಪ್ಪ, ಎರಡು ಚಮಚ.

ಭಾನುವಾರ ಅನ್ನಪೂರ್ಣಾ ಹಬ್ಬವಿಲ್ಲದ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು. ಹದಿನಾಲ್ಕು ಹುಡುಗಿಯರು ಒಂದೇ ಕ್ರೂಸರಿನಲ್ಲಿ ತುರುಕಿಕೊಂಡರು. ಮುನವಳ್ಳಿ ದಾಟುವ ತನಕ ಹಾಡಿದರು. ಡ್ಯಾಮಿನ ಹಿನ್ನೀರು ಕಂಡ ಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಮಾಸ್ತರರು ಮಾತ್ರ ಸುಮ್ಮನಾಗಲಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಪಾಸ್ ಕೊಡಬೇಕು, ಕೊಟ್ಟ ಮೇಲೆ ಎಲ್ಲಿಗೆ ಓಡಬೇಕು ಎಂದು ಮುಂದಿನ ಸೀಟಿನಿಂದ ಹಿಂದಕ್ಕೆ ಹೊರಳಿ ಸವದತ್ತಿ ಬರುವ ತನಕ ಹೇಳುತ್ತಲೇ ಇದ್ದರು.

ಆಟ ಶುರುವಾಯಿತು. ಸವದತ್ತಿಯ ಗೋಲ್ ಕಂಬಗಳು ಬೋಳಾಗಿದ್ದವು. ಎಲೆಯಿಲ್ಲ, ಕುಂಕುಮವಿಲ್ಲ, ದೇವರ ನೆದರು ಬಿದ್ದ ಗುರುತಿಲ್ಲ. ಮಾಸ್ತರರು ಗೆರೆಯ ಅಂಚಿನಲ್ಲಿ ಚೆಂಡಿನಷ್ಟೇ ಓಡಾಡಿದರು.

"ಶೀತಲ್, ಎಡಕ್ಕ. ಎಡಕ್ಕ ಅಂದೆನಲ್ಲ. ಹಿಂದ ಸರಿ. ಪಾಸ್ ಕೊಡು. ಆಕಿಗಲ್ಲ, ಈಕಿಗೆ."

ಶೀತಲ್ ಚೆಂಡು ಕಾಲಿಗೆ ಬಂದಾಗಲೆಲ್ಲ ಮಾಸ್ತರರತ್ತ ಒಮ್ಮೆ ನೋಡುತ್ತಿದ್ದಳು. ಅಷ್ಟೇ ಹೊತ್ತು ಸಾಕಾಗುತ್ತಿತ್ತು. ರಾಮದುರ್ಗದ ಹುಡುಗಿ ಬಂದು ಚೆಂಡನ್ನು ತನ್ನದೇ ಎಂಬಂತೆ ತೆಗೆದುಕೊಂಡು ಹೋಗುತ್ತಿದ್ದಳು. ಹನ್ನೆರಡನೇ ನಿಮಿಷಕ್ಕೆ ಒಂದು, ಇಪ್ಪತ್ತೆಂಟಕ್ಕೆ ಇನ್ನೊಂದು. ಗೋಲು ಅವರದು, ಗೋಳು ಇವರದು.

ವಿರಾಮದಲ್ಲಿ ಹುಡುಗಿಯರು ನೆಲಕ್ಕೆ ಕುಳಿತು ನೀರು ಕುಡಿದರು. ಶೀತಲ್ ಬಾಟಲಿಯ ಮುಚ್ಚಳವನ್ನು ತಿರುವುತ್ತ ನಿಂತಿದ್ದಳು.

"ಸರ್, ಒಂದ ಮಾತ ಕೇಳಲ್ರಿ?"

"ಹೇಳವ್ವಾ."

"ಅವತ್ತಿನಂಗ ಆಡತೇವ್ರಿ ಸರ್. ನೀವು ಸ್ವಲ್ಪ..."

"ಅವತ್ತಿನಂಗ ಆಡ್ರಿ ಅಂತನ ಬಡಕೊಳ್ಳಾಕ ಹತ್ತೇನಿ. ನಾ ಹೇಳಿದ್ದು ಕಿವಿಗೆ ಬೀಳವಲ್ದು ನಿಮಗ. ಇನ್ನಷ್ಟ ಜೋರ ಹೇಳತೇನಿ ತಡಿ. ಮೊದಲ ನೀರ ಕುಡಿ."

ಅವಳು ನೀರು ಕುಡಿದಳು.

ಎರಡನೇ ಅರ್ಧದಲ್ಲಿ ಮಾಸ್ತರರು ಹೇಳಿದಂತೆಯೇ ಇನ್ನಷ್ಟು ಜೋರಾಗಿ ಹೇಳಿದರು. ಒಮ್ಮೆ ಎಡಕ್ಕೆ ಎಂದೂ ಬಲಕ್ಕೆ ಎಂದೂ ಒಂದೇ ಉಸಿರಿನಲ್ಲಿ ಕೂಗಿದಾಗ ಇಬ್ಬರು ಹುಡುಗಿಯರು ಎರಡೂ ಮಾತನ್ನು ಪಾಲಿಸಲು ಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಸವದತ್ತಿಯ ಮಂದಿ ನಕ್ಕರು. ಮೂರನೇ ಗೋಲು ಆಗಲೇ ಬಿತ್ತು. ಕೊನೆಯ ಹತ್ತು ನಿಮಿಷ ಆಟ ನಡೆದದ್ದು ಸಮಯ ಮುಗಿಯಬೇಕಲ್ಲ ಎಂಬುದಕ್ಕೆ ಮಾತ್ರ.

ರಾಮದುರ್ಗದ ಹುಡುಗಿಯರು ಕಪ್ಪನ್ನು ಎತ್ತಿಕೊಂಡು ಫೋಟೋಕ್ಕೆ ನಿಂತರು. ಬೈಲಹೊಂಗಲದವರು ಕ್ರೂಸರಿನ ನೆರಳಿಗೆ ಕುಳಿತು ಬೂಟು ಬಿಚ್ಚುತ್ತಿದ್ದರು. ಒಬ್ಬಳು ಅಳುತ್ತಿದ್ದಳು, ಉಳಿದವರಿಗೆ ಅದಕ್ಕೂ ದಣಿವಾಗಿತ್ತು. ಹೋಳಿಗೆಯ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ. ಮಾಸ್ತರರು ಮೈದಾನದ ಮೆಟ್ಟಿಲ ಮೇಲೆ ಒಬ್ಬರೇ ಕುಳಿತು ಗೋಲಿನತ್ತ ನೋಡುತ್ತಿದ್ದರು. ಇನ್ನು ಮೂರು ವಾರಕ್ಕೆ ಶಾಲು ಬೀರುವಿನಿಂದ ಹೊರಬರುತ್ತದೆ. ಹಣಮಂತಪ್ಪನವರು ಸುದೀರ್ಘ ಸೇವೆ ಎನ್ನುತ್ತಾರೆ. ಸುದೀರ್ಘ ಎಂಬುದನ್ನು ಯಾರೂ ರದ್ದು ಮಾಡಲಾರರು. ಅದರ ಆಚೆಗೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಹುಡುಗಿಯರು ಮುಂದಿನ ವರ್ಷ ಪಿ.ಟಿ. ಪಿರಿಯಡ್ಡಿನ ಹೊತ್ತಿಗೆ ಬೀಜಗಣಿತ ಮಾಡುತ್ತಿರುತ್ತಾರೆ. ಗಾಳಿ ಇಳಿದ ಚೆಂಡುಗಳನ್ನು ಯಾರಾದರೂ ಯಾವಾಗಲಾದರೂ ಹೊರಗೆ ಎಸೆಯುತ್ತಾರೆ.

ಮಿಲಿಂದ ಬಂದು ಪಕ್ಕದಲ್ಲಿ ಕುಳಿತ. ಅವನ ಮುಖದಲ್ಲಿ ಗೆದ್ದ ಕಳೆ ಅಷ್ಟಾಗಿ ಇರಲಿಲ್ಲ. ಎರಡು ಗ್ಲಾಸು ಚಹಾ ತಂದಿದ್ದ, ಒಂದನ್ನು ಮಾಸ್ತರರ ಕೈಗೆ ಕೊಟ್ಟ.

"ಸಿಟ್ಟಾಗಬ್ಯಾಡೋ ಕಲ್ಮ್ಯಾ. ತಕರಾರು ಕೊಡಬೇಕಾಗಿತ್ತು, ಕೊಟ್ಟೆ. ನನ್ನ ಹುಡುಗ್ಯಾರ ಮಾರಿ ನೋಡಲಿಕ್ಕೆ ಆಗಲಿಲ್ಲ."

"ಇರಲಿ ಬಿಡು. ಚಂದ ಆಡಿದರು ಇವತ್ತ ನಿನ್ನವರು."

"ಇವತ್ತಿಂದು ಬಿಡೋ. ನಾ ಕೇಳಲಿಕ್ಕೆ ಬಂದದ್ದು ಬ್ಯಾರೆ." ಮಿಲಿಂದ ಹತ್ತಿರ ಸರಿದ. "ಆ ವಿಡಿಯೋ ನಲವತ್ತು ಸಲ ನೋಡೇನಿ. ಎಲಿಗೆ ಬಡದ ಚೆಂಡು ಬಿಡು, ಅದು ಒಂದು. ಅದರ ಹೊರತಾಗಿ ಅವತ್ತ ನಿಮ್ಮ ಹುಡುಗ್ಯಾರು ಎಂಥಾ ಚಂದ ಆಡ್ಯಾರಲೇ. ಯಾರ ಕಡೆನೂ ನೋಡವಲ್ರು, ಯಾರನ್ನೂ ಕೇಳವಲ್ರು, ತಮ್ಮಷ್ಟಕ್ಕ ತಾವು ಹಕ್ಕಿ ಹಾರಿದಂಗ. ಇಪ್ಪತ್ತು ವರ್ಷದಾಗ ಅಂಥಾ ಟೀಮ್ ನಾ ತಯಾರು ಮಾಡಿಲ್ಲ. ದೋಸ್ತಾ, ನೀ ಹೆಂಗೂ ರಿಟೈರ್ ಆಗತಿ, ಇನ್ನ ಮುಚ್ಚಿಟ್ಟು ಏನ ಮಾಡತಿ? ಅವತ್ತ ಆ ಹುಡುಗ್ಯಾರಿಗೆ ಏನ ಹೇಳಿಕೊಟ್ಟಿದ್ದಿ?"

ಮಾಸ್ತರರು ಚಹಾದ ಗ್ಲಾಸನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. ಕ್ರೂಸರಿನ ಕಡೆ ನೋಡಿದರು. ಶೀತಲ್ ಬೂಟಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಅವರು ಏನಾದರೂ ಹೇಳುತ್ತಾರೋ ಎಂದು ಇತ್ತಲೇ ನೋಡುತ್ತಿದ್ದಳು.

"ಏನೂ ಹೇಳಾಕ ಆಗಿರಲಿಲ್ಲೋ ಮಿಲಿಂದ," ಎಂದರು. "ಹಬ್ಬದಾಗ ಐಸ್‌ಕ್ರೀಮ್ ತಿಂದು ಅವತ್ತ ನನ್ನ ಗಂಟಲ ಕಟ್ಟಿತ್ತು."